ಇನಿ ಆಪುಜಿ

ಹೆದ್ದಾರಿ ಬಿಟ್ಟು ಪಡುವಕ್ಕೆ ನಡೆಯಿರಿ. ಉಚ್ಚಿಲದ ಕಡಲು ಕಾಣುವ ಮೊದಲೇ ಕೇಳಿಸುತ್ತದೆ. ಜುಲೈ ತಿಂಗಳು. ಮಳೆ ಒಂದಿಷ್ಟು ಬಿಟ್ಟಿದೆ, ಗಾಳಿ ಬಿಟ್ಟಿಲ್ಲ. ಕೊಡೆ ಬಿಚ್ಚುವ ಯೋಚನೆ ಬೇಡ.

ಮರಳಿನ ಮೇಲೆ ನಾಡದೋಣಿಗಳು. ಪಕ್ಕದಲ್ಲಿ ಏಳೆಂಟು ಜನ, ಎಲ್ಲರ ಕಣ್ಣೂ ತೆರೆ ಒಡೆಯುವ ಜಾಗದ ಮೇಲೆ. ಇವರನ್ನು ಕಾನೂನು ತಡೆದಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಯಾಂತ್ರೀಕೃತ ಬೋಟುಗಳಿಗೆ. 10 ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿದ ನಾಡದೋಣಿ ಹೋಗಬಹುದು. ಅತ್ತ ಮಲ್ಪೆ ಬಂದರಿನಲ್ಲಿ ದೊಡ್ಡ ಬೋಟುಗಳೆಲ್ಲ ಒತ್ತೊತ್ತಾಗಿ ನಿಂತಿವೆ. 1986ರ ಮೀನುಗಾರಿಕೆ ಕಾಯ್ದೆಯ ದಂಡಕ್ಕೆ ಹೆದರಿ ಅಂತೀರಾ? ನನಗೇನೋ ಹಾಗನ್ನಿಸುವುದಿಲ್ಲ. ನಿಯಮ ಮೀರಿದರೆ ಕರರಹಿತ ಡೀಸೆಲ್ ಒಂದು ವರ್ಷ ಇಲ್ಲ. ದಂಡವನ್ನು ಒಂದು ಒಳ್ಳೆಯ ಬಲೆ ಬಂಗುಡೆ ತೀರಿಸೀತು, ವರ್ಷವಿಡೀ ಪೂರ್ತಿ ದರ ಕೊಟ್ಟು ಡೀಸೆಲ್ ತುಂಬಿಸಿ ಆಳಸಮುದ್ರಕ್ಕೆ ಹೋದವನಿಗೆ ಏನು ಉಳಿದೀತು?

ಇಲ್ಲಿಯ ಲೆಕ್ಕ ಬೇರೆ. ತೂಫಾನ್ ಎದ್ದು ಕಡಲಡಿ ಕಲಕಿದರೆ ಸಿಗಡಿ ದಡದ ಹತ್ತಿರ ಬರುತ್ತದೆ ಎಂದು ಕಾದವರು ಇವರು. ತೂಫಾನ್ ಎದ್ದಿದೆ. ಆಸೆ ಹುಟ್ಟಿಸಿದ ಕಡಲೇ ದಾರಿ ಕಟ್ಟಿದೆ.

"ಅಣ್ಣ, ಮೂರು ತೆರೆ ದಾಟಿದರೆ ಆಯಿತಲ್ಲ?" ಹುಡುಗನೊಬ್ಬ ಕೇಳುತ್ತಾನೆ.

ಹಿರಿಯರು ಬೇಡ ಅನ್ನುವುದಿಲ್ಲ. ಇನ್ನೊಂದು ತೆರೆ ಬರಲಿ ಎಂದು ನಿಲ್ಲುತ್ತಾರೆ. ಬರುತ್ತದೆ; ಅದರ ಬೆನ್ನಿಗೇ ಇನ್ನೊಂದು, ನಡುವೆ ದೋಣಿ ತೂರಿಸುವಷ್ಟೂ ಬಿಡುವಿಲ್ಲ. "ಇನಿ ಆಪುಜಿ." ಇವತ್ತು ಆಗುವುದಿಲ್ಲ. ಅಷ್ಟೇ ಮಾತು. ಹುಡುಗ ಸೀಮೆಎಣ್ಣೆ ಕ್ಯಾನು ಎತ್ತಿಕೊಂಡು ಹಿಂದಿರುಗುತ್ತಾನೆ. ಅವನ ಮುಖದಲ್ಲಿ ಬೇಸರವಿದೆ, ಸಮಾಧಾನವೂ ಇದೆ. ಹೋಗೋಣ ಎಂದವನು ಅವನೇ. ಬೇಡ ಎಂದ ಜವಾಬ್ದಾರಿ ಇನ್ನೊಬ್ಬರದಾಯಿತು.

ಅಷ್ಟರಲ್ಲಿ ಘಟ್ಟದ ಮೇಲಿನ ನಂಬರಿನ ಕಾರೊಂದು ಬಂದು ನಿಲ್ಲುತ್ತದೆ. ನೀರಿಗಿಳಿಯಬೇಡಿ ಎಂಬ ಬೋರ್ಡಿಗೆ ಒರಗಿ ಸೆಲ್ಫಿ ತೆಗೆದು ನಾಲ್ವರೂ ನೀರಿಗಿಳಿಯುತ್ತಾರೆ. ಬೋರ್ಡು ತೆರೆಯ ಹೊಡೆತ ತಿಂದವರಿಗೆ ಅರ್ಥವಾಗುತ್ತದೆ, ಅವರಿಗೆ ಬೋರ್ಡೇ ಬೇಕಿಲ್ಲ.

"ಓಯ್, ಮೇಲೆ ಬನ್ನಿ ಮಾರಾಯ್ರೆ!" ದೋಣಿಯ ಕಡೆಯಿಂದ ಕೂಗು. ಮೂವರು ಹಿಂದೆ ಸರಿಯುತ್ತಾರೆ. ನಾಲ್ಕನೆಯವನ ಒಂದು ಚಪ್ಪಲಿಯನ್ನು ತೆರೆ ಎಳೆದುಕೊಂಡಿದೆ. ಅದನ್ನು ಹಿಡಿಯಲು ಅವನು ಮತ್ತೆ ಇಳಿಯುತ್ತಾನೆ, ಕೂಗಿದವರು ಅವನತ್ತ ಓಡುತ್ತಾರೆ.