ಹಂದರದ ಸಿಬಿರು

ಆಡುತ್ತಿದ್ದ ಮಗು ಬಿದ್ದು ಮೊಣಕಾಲು ತರಚಿಕೊಂಡರೆ ತಾಯಿ ಗಾಯ ತೊಳೆದು, ಸಂತೈಸಿ, ತನ್ನ ಕೆಲಸಕ್ಕೆ ಮರಳುತ್ತಾಳೆ. ಕೆಲವು ದಿನಗಳಲ್ಲಿ ಗಾಯ ಮಾಯುತ್ತದೆ. ಅಷ್ಟರಲ್ಲಿ ಹಕ್ಕಳೆಯ ಕೆಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳು ಚಿಗುರಿ, ಹೊಸ ಮಾಂಸಕ್ಕೆ ಅನ್ನವೂಡಿ, ಕೆಲಸ ಮುಗಿದೊಡನೆ ಬಹುಪಾಲು ಅಡಗಿಹೋಗಿರುತ್ತವೆ. ಅವು ಚಿಗುರುವುದಕ್ಕಿಂತ ನಿಲ್ಲುವುದೇ ಹೆಚ್ಚಿನ ಸೋಜಿಗ. ‘ಇನ್ನು ಸಾಕು’ ಎಂದು ಅವಕ್ಕೆ ಹೇಳುವವರಾರು?

ಈ ಪ್ರಶ್ನೆಯ ಬೆನ್ನು ಹತ್ತಿ ಬಾಳು ಸವೆಸಿದವನು ಜೂಡಾ ಫೋಕ್‌ಮನ್ ಎಂಬ ಅಮೆರಿಕದ ಶಸ್ತ್ರವೈದ್ಯ. 1960ರ ಸುಮಾರಿಗೆ ಆತ ಬೆಥೆಸ್ಡಾದ ನೌಕಾದಳದ ಪ್ರಯೋಗಶಾಲೆಯಲ್ಲಿ, ಗಾಜಿನ ಪಾತ್ರೆಯಲ್ಲಿ ಜೀವಂತವಾಗಿರಿಸಿದ ಥೈರಾಯ್ಡ್ ಗ್ರಂಥಿಯೊಳಗೆ ಅರ್ಬುದದ ಕೋಶಗಳನ್ನು ಬಿತ್ತಿದನು. ಗಡ್ಡೆಗಳು ಗುಂಡುಸೂಜಿಯ ತಲೆಯಷ್ಟಾಗಿ ಅಲ್ಲಿಗೇ ನಿಂತುವು. ಅವನ್ನೇ ಇಲಿಗಳ ಮೈಗೆ ಸೇರಿಸಿದಾಗ ಹುಲುಸಾಗಿ ಬೆಳೆದುವು. ಪಾತ್ರೆಯಲ್ಲಿ ಹೊಸ ನಾಳಗಳು ಹುಟ್ಟಿರಲಿಲ್ಲ, ಇಲಿಯಲ್ಲಿ ಹುಟ್ಟಿದ್ದುವು. ನಾಳಗಳನ್ನು ತನ್ನೆಡೆಗೆ ಕರೆಯದೆ ಅರ್ಬುದ ಬೆಳೆಯಲಾರದು, ಆ ಕರೆಯನ್ನು ತಡೆದರೆ ರೋಗವನ್ನೂ ತಡೆಯಬಹುದು ಎಂದು ಆತ 1971ರಲ್ಲಿ ಬರೆದನು. ಬಲ್ಲವರು ನಕ್ಕರು. ಗಡ್ಡೆಯ ಸುತ್ತಣ ಕೆಂಪು ಬರಿಯ ಉರಿಯೂತವೆಂದರು. ಅವರೆಲ್ಲ ಶರೀರದಿಂದ ಬೇರ್ಪಟ್ಟು ಬಿಳಿಚಿದ ಗಡ್ಡೆಗಳನ್ನು ಕಂಡವರು. ಈತನೋ, ಕತ್ತಿ ತಗುಲಿದೊಡನೆ ಅದು ನೆತ್ತರು ಕಾರುವುದನ್ನು ಕಂಡವನು. ಕಣ್ಣಿಗಿಂತ ಕೈ ಮೊದಲು ಅರಿಯುವ ಸಂಗತಿಗಳೂ ಉಂಟು.

ರಕ್ತನಾಳವನ್ನು ಬಳ್ಳಿಯೆಂದುಕೊಂಡರೆ ಅದಕ್ಕೊಂದು ಹಂದರವಿದೆ. ಕೋಶಗಳ ನಡುವಣ ಎಡೆಯಲ್ಲಿ ಕೊಲ್ಯಾಜೆನ್, ಲ್ಯಾಮಿನಿನ್, ಫೈಬ್ರೊನೆಕ್ಟಿನ್ ಮೊದಲಾದ ಪ್ರೋಟೀನುಗಳ ಎಳೆಗಳು ಹೆಣೆದುಕೊಂಡಿವೆ. ನಾಳದ ಸುತ್ತ ಅವು ತೆಳುವಾದ ಹಾಸಾಗಿ ಹರಡಿರುತ್ತವೆ. ಇದು ಇಟ್ಟಿಗೆಗಳ ನಡುವಣ ಗಾರೆಯಂತೆ ಜಡವಾದುದೆಂದೇ ಬಹುಕಾಲ ಎಣಿಕೆಯಿತ್ತು. ಆದರೆ ನಾಳದ ಕೋಶಗಳು ಇಂಟೆಗ್ರಿನ್ ಎಂಬ ಕೈಗಳಿಂದ ಈ ಎಳೆಗಳನ್ನು ಹಿಡಿದೇ ಬದುಕುತ್ತವೆ. ಹಿಡಿತ ತಪ್ಪಿದ ಕೋಶ ಸಾಯುತ್ತದೆ. ಹೊಸ ಕುಡಿ ಹೊರಡಬೇಕಾದರೆ ಕೋಶಗಳು ಕಿಣ್ವಗಳನ್ನು ಸುರಿಸಿ ಹಾಸನ್ನು ಕರಗಿಸಬೇಕು. ಹಾಗೆ ಕರಗಿದಾಗ ಎಳೆಗಳಿಗೆ ಅಂಟಿಕೊಂಡಿದ್ದ ಬೆಳವಣಿಗೆಯ ಚೋದಕಗಳು ಬಿಡುಗಡೆಯಾಗಿ ಕುಡಿಯನ್ನು ಮುಂದಕ್ಕೆ ಎಳೆಯುತ್ತವೆ. ಕನ್ನ ಕೊರೆದವನಿಗೆ ಗೋಡೆಯೊಳಗೇ ನಿಧಿ ಸಿಕ್ಕಂತೆ!

ನಿಧಿಯ ಪಕ್ಕದಲ್ಲೇ ಕಾವಲುಗಾರನೂ ಇದ್ದನೆಂಬುದು ತಿಳಿದದ್ದು 1997ರಲ್ಲಿ. ಫೋಕ್‌ಮನ್ನನ ಕಿರಿಯ ಸಹೋದ್ಯೋಗಿ ಮೈಕೇಲ್ ಓ’ರೈಲಿ ಮತ್ತವನ ಸಂಗಡಿಗರು ನಾಳಗಳ ಬೆಳವಣಿಗೆಯನ್ನು ತಡೆಯುವ ವಸ್ತುವೊಂದನ್ನು ಬೇರ್ಪಡಿಸಿ ಎಂಡೋಸ್ಟ್ಯಾಟಿನ್ ಎಂದು ಹೆಸರಿಟ್ಟರು. ಪರೀಕ್ಷಿಸಿದರೆ ಅದು ಹೊಸ ವಸ್ತುವೇ ಆಗಿರಲಿಲ್ಲ. ನಾಳದ ಹಾಸಿನಲ್ಲಿರುವ ಹದಿನೆಂಟನೆಯ ಬಗೆಯ ಕೊಲ್ಯಾಜೆನ್ನಿನ ತುದಿಯ ತುಣುಕು! ಹಂದರದ ಗಳುವೊಂದು ಮುರಿದಾಗ ಹಾರಿದ ಸಿಬಿರೇ ಬಳ್ಳಿಗೆ ತಡೆಯಾಗಿತ್ತು. ನಾಲ್ಕನೆಯ ಬಗೆಯ ಕೊಲ್ಯಾಜೆನ್ನಿನಲ್ಲೂ ಇಂಥ ಸಿಬಿರುಗಳು ಆಮೇಲೆ ದೊರೆತುವು. ಬೆಳೆ ಎಂಬುದನ್ನೂ ನಿಲ್ಲು ಎಂಬುದನ್ನೂ ಒಂದೇ ಹಂದರ ಹೇಳುತ್ತದೆ. ಯಾವ ಮಾತು ಹೊರಡುವುದೆಂಬುದು ಎಲ್ಲಿ ಮುರಿಯಿತು, ಎಷ್ಟು ಮುರಿಯಿತು ಎಂಬುದನ್ನು ಅವಲಂಬಿಸಿದೆ.

ಎಂಡೋಸ್ಟ್ಯಾಟಿನ್ ಕೊಟ್ಟ ಇಲಿಗಳಲ್ಲಿ ಗಡ್ಡೆಗಳು ಕುಗ್ಗಿ ಚುಕ್ಕಿಗಳಾದುವು. ನಿಲ್ಲಿಸಿದರೆ ಬೆಳೆದುವು, ಮತ್ತೆ ಕೊಟ್ಟರೆ ಮತ್ತೆ ಕುಗ್ಗಿದುವು. 1998ರ ಮೇ 3ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಮೊದಲ ಪುಟದಲ್ಲಿ ಈ ಸುದ್ದಿಯನ್ನಿತ್ತಿತು. ಮರುದಿನ ಔಷಧ ತಯಾರಿಸಲಿದ್ದ ಕಂಪನಿಯ ಷೇರಿನ ಬೆಲೆ ನಾಲ್ಕು ಪಟ್ಟನ್ನು ಮೀರಿತು. ಅದು ವ್ಯಾಪಾರದ ಮಾತು, ಹೋಗಲಿ. ಮನ ಕಲಕುವುದು ಟೆಲಿಫೋನುಗಳ ಕಥೆ. ವೈದ್ಯರು ಕೈಬಿಟ್ಟ ರೋಗಿಗಳು, ಅವರ ಮಕ್ಕಳು, ಮಡದಿಯರು, ಇನ್ನೂ ಮನುಷ್ಯರಿಗೆ ಒಮ್ಮೆಯೂ ಕೊಟ್ಟಿರದ ಮದ್ದಿಗಾಗಿ ಅಂಗಲಾಚಿದರು. ತಾವು ಗುಣಪಡಿಸಬಲ್ಲದ್ದು ಇಲಿಗಳನ್ನು ಮಾತ್ರ ಎಂದು ಫೋಕ್‌ಮನ್ ಎಚ್ಚರಿಸಿದ್ದನು. ಆ ಎಚ್ಚರಿಕೆಯೂ ಅಚ್ಚಾಗಿತ್ತು. ಸಾವಿನ ಅಂಚಿನಲ್ಲಿ ನಿಂತವನು ಅದನ್ನು ಓದುವುದೆಂತು?

ಮನುಷ್ಯರ ಮೇಲಿನ ಪರೀಕ್ಷೆಗಳು ಮರುವರ್ಷ ತೊಡಗಿದುವು. ಮದ್ದು ಕೇಡು ಮಾಡಲಿಲ್ಲ, ಆದರೆ ಗಡ್ಡೆಗಳು ಕುಗ್ಗಿದ್ದು ತೀರ ವಿರಳ. ಅಮೆರಿಕದಲ್ಲಿ ಅದನ್ನು ಕೈಬಿಟ್ಟರು. ಚೀನದಲ್ಲಿ ತುಸು ಮಾರ್ಪಡಿಸಿದ ರೂಪಕ್ಕೆ 2005ರಲ್ಲಿ ಶ್ವಾಸಕೋಶದ ಅರ್ಬುದಕ್ಕೆಂದು ಅನುಮತಿ ದೊರೆಯಿತು. ಫೋಕ್‌ಮನ್ನನ ಮೂಲ ವಿಚಾರ ಮಾತ್ರ ಬೇರೆ ಬಾಗಿಲಿನಿಂದ ಗೆದ್ದಿತ್ತು. ನಾಳಗಳನ್ನು ಕರೆಯುವ ಚೋದಕವನ್ನೇ ಹಿಡಿದು ಕಟ್ಟುವ ಬೆವಸಿಝುಮ್ಯಾಬ್ ಎಂಬ ಔಷಧ 2004ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಅದು ಅನೇಕ ರೋಗಿಗಳಿಗೆ ಕೊಟ್ಟದ್ದು ಕೆಲವು ತಿಂಗಳುಗಳ ಆಯುಸ್ಸು.

2008ರ ಜನವರಿಯಲ್ಲಿ ಫೋಕ್‌ಮನ್ ಸಭೆಯೊಂದಕ್ಕೆ ಹೊರಟವನು ಡೆನ್ವರ್ ವಿಮಾನ ನಿಲ್ದಾಣದಲ್ಲಿ ಹೃದಯಾಘಾತದಿಂದ ತೀರಿಕೊಂಡನು. ಅವನಿಗಾಗ 74 ವರ್ಷ. ಮುಪ್ಪಿನಲ್ಲಿ ಕಣ್ಣಿನ ಒಳಪರದೆಯ ಹಿಂದೆ ಬೇಡದ ನಾಳಗಳು ಹಬ್ಬಿ ನೋಟ ಮಸುಕಾದವರಿಗೆ ಈಗ ಅದೇ ಬಗೆಯ ಔಷಧವನ್ನು ಕಣ್ಣಿಗೆ ಚುಚ್ಚುತ್ತಾರೆ, ನಮ್ಮ ದೇಶದ ಆಸ್ಪತ್ರೆಗಳಲ್ಲಿಯೂ. ಅದನ್ನು ಚುಚ್ಚಿಸಿಕೊಂಡ ಮುದುಕರಲ್ಲಿ ಕೆಲವರು ಮತ್ತೆ ಪತ್ರಿಕೆ ಓದುತ್ತಿದ್ದಾರೆ.