ಮುದುಕನನ್ನು ಬಾಗಿಲಲ್ಲೇ ತಡೆದ ಹಾಡು

ಅಮೆರಿಕದ ಟೆನೆಸೀ ಸಂಸ್ಥಾನದ ರಾಜಧಾನಿಯಾದ ನ್ಯಾಶ್‌ವಿಲ್ ನಗರವು ಕಂಬರ್ಲೆಂಡ್ ನದಿಯ ದಂಡೆಯ ಮೇಲಿದೆ. ಹೊರಗಿನವರು ಇಲ್ಲಿಗೆ ಬರುವುದು ಬಹುಮಟ್ಟಿಗೆ ಹಾಡು ಕೇಳುವುದಕ್ಕೆ. 'ಕಂಟ್ರಿ' ಎಂದು ಕರೆಯಲ್ಪಡುವ ಈ ಸಂಗೀತ ಹಳ್ಳಿಗಾಡಿನಲ್ಲಿ ಹುಟ್ಟಿದ್ದು. ಗಿಟಾರು, ಪಿಟೀಲುಗಳೇ ಅದರ ಪಕ್ಕವಾದ್ಯ. ಕುಡಿತ, ಒಡೆದ ಸಂಸಾರ, ಬಿಟ್ಟು ಬಂದ ಊರು ಅದರ ವಸ್ತು. ಮುಪ್ಪಿನ ಹಾಡುಗಳಿಗೂ ಅಲ್ಲಿ ಬರವಿಲ್ಲ.

ನಗರಮಧ್ಯದಲ್ಲಿರುವ ರೈಮನ್ ಸಭಾಂಗಣವು ಮೊದಲು ಪ್ರಾರ್ಥನಾಮಂದಿರವಾಗಿತ್ತು. ಥಾಮಸ್ ರೈಮನ್ ಎಂಬ ನದೀನೌಕೆಗಳ ಒಡೆಯನು ಧರ್ಮಪ್ರವಚನವೊಂದನ್ನು ಕೇಳಿ ಮನಸ್ಸು ಕರಗಿ ಕಟ್ಟಿಸಿದ ಈ ಕಟ್ಟಡ 1892ರಲ್ಲಿ ಮುಗಿಯಿತು. ಶ್ರೋತೃಗಳು ಇಂದಿಗೂ ಕೂರುವುದು ದೇವಾಲಯದ ಉದ್ದನೆಯ ಮರದ ಬೆಂಚುಗಳ ಮೇಲೆಯೇ. 1943ರಿಂದ 1974ರವರೆಗೆ 'ಗ್ರ್ಯಾಂಡ್ ಓಲ್ ಆಪ್ರಿ' ಎಂಬ ಪ್ರಸಿದ್ಧ ಬಾನುಲಿ ಕಾರ್ಯಕ್ರಮ ನಡೆಯುತ್ತಿದ್ದುದು ಇಲ್ಲಿ. ಅನಂತರ ಅದು ಊರ ಹೊರಗಿನ ಹೊಸ ರಂಗಮಂದಿರಕ್ಕೆ ಹೋಯಿತು. ಹೋಗುವಾಗ ಹಳೆಯ ವೇದಿಕೆಯಿಂದ ಆರಡಿ ಅಗಲದ ಓಕ್ ಮರದ ವೃತ್ತವೊಂದನ್ನು ಕೊಯ್ದು ತಂದು ಹೊಸ ವೇದಿಕೆಯ ನಡುವೆ ಕೂರಿಸಿದರು. ಹಿರಿಯರ ಕಾಲ್ದೂಳಿಗೆ ಆ ಜನ ಕೊಡುವ ಬೆಲೆ ಅಂಥದು! 2010ರ ಮೇ ತಿಂಗಳಲ್ಲಿ ನದಿ ಉಕ್ಕಿ ವೇದಿಕೆಯ ಮೇಲೆ ಸುಮಾರು ನಾಲ್ಕಡಿ ನೀರು ನಿಂತಿತು. ವೃತ್ತ ಉಳಿಯಿತು; ಸೆಪ್ಟೆಂಬರ್ 28ರಂದು ರಂಗಮಂದಿರ ಪುನಃ ತೆರೆಯಿತು.

ಹದಿಮೂರು ವರ್ಷಗಳ ಅನಂತರ ಅದೇ ತಾರೀಖಿನಂದು, 2023ರಲ್ಲಿ, ಟೋಬಿ ಕೀತ್ ಅಲ್ಲಿಯ ಪ್ರಶಸ್ತಿ ಸಮಾರಂಭವೊಂದರಲ್ಲಿ ಕಾಣಿಸಿಕೊಂಡರು. ಒಕ್ಲಹೋಮದವರಾದ ಕೀತ್ ತಾರುಣ್ಯದಲ್ಲಿ ಎಣ್ಣೆಬಾವಿಗಳಲ್ಲಿ ದುಡಿದವರು, ದಷ್ಟಪುಷ್ಟ ಆಳು. ಅಂದು ವೇದಿಕೆಗೆ ಬಂದವರು ಬಹಳ ಸೊರಗಿದ್ದರು. 2021ರಲ್ಲಿ ಅವರಿಗೆ ಜಠರದ ಕ್ಯಾನ್ಸರ್ ತಗುಲಿತ್ತು. ತಾವು ಬಿಗಿ ಷರಾಯಿ ತೊಟ್ಟುದನ್ನು ನೋಡುವೆವೆಂದು ಯಾರೂ ಎಣಿಸಿರಲಾರರೆಂದು ತಮ್ಮ ಮೈಯನ್ನೇ ಹಾಸ್ಯಮಾಡಿ, ಅವರು ಹಾಡಿದ್ದು 'ಡೋಂಟ್ ಲೆಟ್ ದಿ ಓಲ್ಡ್ ಮ್ಯಾನ್ ಇನ್'.

ಅದರ ಹುಟ್ಟು ಬೇರೆಯೇ ಕಡೆ. 2018ರಲ್ಲಿ ಕ್ಯಾಲಿಫೋರ್ನಿಯದ ಪೆಬಲ್ ಬೀಚ್‌ನ ಕಡಲಂಚಿನ ಗಾಲ್ಫ್ ಮೈದಾನದಲ್ಲಿ ಕೀತ್ ಅವರು ನಟ, ನಿರ್ದೇಶಕ ಕ್ಲಿಂಟ್ ಈಸ್ಟ್‌ವುಡ್ ಅವರ ಜೊತೆಯಲ್ಲಿದ್ದರು. ಎಂಬತ್ತೆಂಟು ತುಂಬಲಿದ್ದ ಆ ವೃದ್ಧರು 'ದಿ ಮ್ಯೂಲ್' ಚಿತ್ರದ ಕೆಲಸಕ್ಕೆ ಹೊರಡುವವರು. ಈ ವಯಸ್ಸಿನಲ್ಲಿ ಇದೆಲ್ಲ ಹೇಗೆ ಸಾಧ್ಯವೆಂದು ಕೇಳಿದ್ದಕ್ಕೆ, ಬೆಳಿಗ್ಗೆ ಎದ್ದು ಹೊರಡುವುದು, ಮುದುಕನನ್ನು ಮಾತ್ರ ಒಳಗೆ ಬಿಡದಿರುವುದು ಎಂಬರ್ಥದ ಉತ್ತರ ಬಂತು. ಕೀತ್ ಆ ಮಾತನ್ನು ಹಾಡಾಗಿ ಕಟ್ಟಿದರು. ಮಾದರಿಗೆಂದು ಹಾಡಿ ಕಳಿಸಿದ ದಿನ ನೆಗಡಿಯಿಂದ ಅವರ ಗಂಟಲು ಕಟ್ಟಿತ್ತು; ಆ ಒಡಕು ದನಿಯೇ ಇರಲಿ ಎಂದರು ಈಸ್ಟ್‌ವುಡ್. ರಸಿಕರ ಕಿವಿ!

ಹಾಡಿನ ವಾದ್ಯಮೇಳ ಸರಳ, ನಡೆ ನಿಧಾನ. ಚಿತ್ರದಲ್ಲಿ ಕೇಳಿದಾಗ ಅದು ಎಂಬತ್ತರ ಗಟ್ಟಿಮುದುಕನೊಬ್ಬನ ಹಟದ ಮಾತಿನಂತಿತ್ತು. ನ್ಯಾಶ್‌ವಿಲ್‌ನಲ್ಲಿ ಅರವತ್ತೆರಡರ ರೋಗಿ ಹಾಡುವಾಗ ಬಾಗಿಲಾಚೆ ನಿಂತಿದ್ದವನು ಮುದುಕನಲ್ಲವೆಂಬುದು ಎಲ್ಲರಿಗೂ ತಿಳಿದಿತ್ತು. ಮುಪ್ಪು ಬರುವಷ್ಟು ಆಯುಷ್ಯವನ್ನೇ ಅವರು ಬೇಡುತ್ತಿದ್ದಂತೆ ತೋರಿತು.

ಕೀತ್ 2024ರ ಫೆಬ್ರವರಿ 5ರಂದು ತೀರಿಕೊಂಡರು. ನ್ಯಾಶ್‌ವಿಲ್‌ನ ಕಂಟ್ರಿ ಸಂಗೀತದ ಕೀರ್ತಿಭವನಕ್ಕೆ ಅವರು ಆಯ್ಕೆಯಾದ ಮತಗಣನೆಯ ಫಲಿತಾಂಶ ಮರುದಿನ ಬಂತು. ಕೀರ್ತಿಭವನದ ದುಂಡನೆಯ ಹಜಾರದಲ್ಲಿ ಅವರ ಕಂಚಿನ ಫಲಕವೂ ಈಗ ಇದೆ.