ಸೈನೈಡ್ ಗುಡ್ಡದ ಕಾವಿ ನೀರು

ಬಂಗಾರಪೇಟೆ ಜಂಕ್ಷನ್ನಿನಿಂದ ಮಾರಿಕುಪ್ಪಂಗೆ ಹೋಗುವ ಗಾಡಿಯದು ಹದಿನಾರು ಕಿಲೋಮೀಟರಿನಷ್ಟು ಓಟ. 1894ರಲ್ಲಿ ಕೋಲಾರದ ಚಿನ್ನದ ಗಣಿಗಳಿಗಾಗಿಯೇ (ಕೆಜಿಎಫ್) ಹಾಕಿದ ಈ ಹಳಿಯ ಮೇಲೆ ಈಗ ಬೆಂಗಳೂರಿಗೆ ದುಡಿಯಲು ಹೋಗಿ ಬರುವವರ ಸಂಚಾರ. ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂದು ನಿಲ್ದಾಣಗಳಿಗೆ ಇನ್ನೂ ಗಣಿಗಳ ಹೆಸರೇ ಇದೆ. ಕಿಟಕಿಯಾಚೆ ಚಪ್ಪಟೆ ನೆತ್ತಿಯ ಬೂದು ಬೆಟ್ಟವೊಂದು ಎದ್ದು ನಿಂತಿತು. “ಸೈನೈಡ್ ಗುಡ್ಡ ಸಾರ್, ಸಿನಿಮಾದಲ್ಲಿ ನೋಡಿರ್ತೀರ” ಎಂದರು ಪಕ್ಕದ ಸೀಟಿನವರು.

ಸಿನಿಮಾ ನೋಡಿದ್ದೆ. ಆದರೆ ಬುಡದಲ್ಲಿ ನಿಂತು ಕತ್ತೆತ್ತಿದಾಗ ಮೈ ಜುಮ್ಮೆಂದಿತು. ಈ ಬೆಟ್ಟವನ್ನು ಪ್ರಕೃತಿ ಮಾಡಿದ್ದಲ್ಲ. ಚಾಂಪಿಯನ್ ರೀಫ್ ಗಣಿ ಇಳಿದದ್ದು ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ. ಅಲ್ಲಿಂದ ಮೇಲೆ ಬಂದ ಬಂಡೆ ಹಿಟ್ಟಾಗಿ ಇಲ್ಲಿ ಬಿಸಿಲಿಗೆ ಬಿದ್ದಿದೆ. ಜಾನ್ ಟೇಲರ್ ಕಂಪನಿ 1880ರಲ್ಲಿ ಕಾಲಿಟ್ಟ ದಿನದಿಂದ 2001ರ ಫೆಬ್ರವರಿ 28ರಂದು ಸರ್ಕಾರಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್ (ಬಿಜಿಎಂಎಲ್) ಬೀಗ ಹಾಕುವವರೆಗೆ ಕೆಜಿಎಫ್ ಕೊಟ್ಟ ಚಿನ್ನ ಸುಮಾರು 800 ಟನ್. ಅದರ ಬೆನ್ನಿಗೆ ಉಳಿದದ್ದು ಹದಿಮೂರು ದಿಬ್ಬಗಳಲ್ಲಿ ಹರಡಿದ ಸುಮಾರು 3.3 ಕೋಟಿ ಟನ್ ಹುಡಿ. ಭೂಮಿಯ ಒಳಗನ್ನೇ ಹೊರಗೆ ಮಗುಚಿ ಹಾಕಿದ್ದಾರೆ!

ಹುಡಿಯಲ್ಲಿ ಚಿನ್ನ ಇನ್ನೂ ಇದೆ, ಟನ್ನಿಗೆ ಒಂದು ಗ್ರಾಂಗೂ ಕಡಿಮೆ. ಹಳೆಯವರು ಪುಡಿ ಮಾಡಿದ ಅದಿರನ್ನು ಸೈನೈಡ್ ನೀರಲ್ಲಿ ನೆನೆಸಿ, ಕರಗಿದ ಚಿನ್ನವನ್ನು ಸತುವಿನ ಸಿಪ್ಪೆಗಳ ಮೇಲೆ ಹರಿಸಿ ಹಿಡಿಯುತ್ತಿದ್ದರು. ಕೈಗೆ ಸಿಗದ ಚೂರುಪಾರು ದಿಬ್ಬಕ್ಕೆ ಹೋಯಿತು. ಅದರ ಜೊತೆಗೇ ಹೋದದ್ದು ಕಬ್ಬಿಣ, ಗಂಧಕ, ಆರ್ಸೆನಿಕ್ ಕೂಡಿದ ಖನಿಜಗಳು. ನನ್ನನ್ನು ಇಲ್ಲಿಗೆ ಎಳೆದು ತಂದದ್ದು ಚಿನ್ನವಲ್ಲ, ಇವೇ.

ಏಕೆಂದರೆ ಗಣಿ ಮುಚ್ಚಿದರೂ ಮಳೆ ತನ್ನ ಗಣಿಗಾರಿಕೆ ನಿಲ್ಲಿಸಿಲ್ಲ. ದಿಬ್ಬದ ಮೈಯನ್ನು ಸೀಳಿದ ಕೊರಕಲುಗಳ ಅಂಚಿನಲ್ಲಿ ಹಳದಿ, ಕಾವಿ ಬಣ್ಣದ ಗೆರೆಗಳು. ಗಂಧಕದ ಖನಿಜಕ್ಕೆ ಗಾಳಿ, ನೀರು ತಾಗಿದರೆ ಗಂಧಕಾಮ್ಲ ಹುಟ್ಟುತ್ತದೆ. ಆಮ್ಲ ದಾರಿಯಲ್ಲಿ ಸಿಕ್ಕ ತಾಮ್ರ, ಸತು, ನಿಕ್ಕಲ್‌ಗಳನ್ನು ಕರಗಿಸಿಕೊಂಡು ಇಳಿಯುತ್ತದೆ. ಕಬ್ಬಿಣ ತುಕ್ಕಾಗಿ ದಡದಲ್ಲೇ ಕೂರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2006ರಲ್ಲಿ ಈ ಹುಡಿಯ ಸೈನೈಡ್ ಮತ್ತು ಆಮ್ಲ ಒಸರನ್ನೇ ಕುರಿತು ಪ್ರಬಂಧ ಪ್ರಕಟಿಸಿದ್ದಾರೆ. ಬಂಗಾರಪೇಟೆಯ ಪಾನಿಪುರಿಯ ತಿಳಿನೀರನ್ನು ನಾಲಿಗೆ ಚಪ್ಪರಿಸಿ ಕುಡಿದು ಬಂದವನಿಗೆ ಕೊರಕಲಿನ ಈ ಕಾವಿ ನೀರಿಗೆ ಬೆರಳಿಡಲೂ ಧೈರ್ಯ ಬರಲಿಲ್ಲ.

ವಿಚಿತ್ರವೆಂದರೆ ಆಮ್ಲ ಹುಟ್ಟಿಸುವ ಈ ಕೆಲಸಕ್ಕೆ ಕೂಲಿಯಾಳುಗಳೂ ಇದ್ದಾರೆ. ಆಮ್ಲದಲ್ಲೇ ಬಾಳುವ, ಕಬ್ಬಿಣ ಗಂಧಕಗಳನ್ನೇ ಉಂಡು ಬೆಳೆಯುವ ಬ್ಯಾಕ್ಟೀರಿಯಾ. ಅಮೆರಿಕದ ಕಲ್ಲಿದ್ದಲು ಗಣಿಯ ಹುಳಿನೀರಿನಲ್ಲಿ ಇವು ಕಣ್ಣಿಗೆ ಬಿದ್ದದ್ದು 1947ರಲ್ಲಿ. ಗಂಧಕದ ಖನಿಜದೊಳಗೆ ಬಚ್ಚಿಟ್ಟುಕೊಂಡ ಚಿನ್ನವನ್ನು ಬಿಡಿಸಲು ಈಗ ಇವನ್ನೇ ತೊಟ್ಟಿಗಳಲ್ಲಿ ಸಾಕುತ್ತಾರೆ. ನೀರನ್ನು ಹಾಳು ಮಾಡುವ ಜೀವವೇ ಲೋಹ ಬಿಡಿಸುವ ಕೆಲಸಗಾರ.

ಹಾಗಾದರೆ ಕಾವಿ ನೀರಿನಿಂದ ಲೋಹ ತೆಗೆಯಬಹುದೆ? ಉಪಾಯ ಹಳೆಯದು. ತಾಮ್ರ ಕರಗಿದ ನೀರಿಗೆ ಕಬ್ಬಿಣದ ಗುಜರಿ ಹಾಕಿದರೆ ಕಬ್ಬಿಣ ಕರಗಿ ತಾಮ್ರ ಅದರ ಮೇಲೆ ಬಂದು ಕೂರುತ್ತದೆ. ಸ್ಪೇನಿನ ರಿಯೋ ಟಿಂಟೋದಲ್ಲಿ ಹೀಗೆ ತಾಮ್ರ ಹಿಡಿದವರಿದ್ದಾರೆ. ಸುಣ್ಣ ಹಾಕುತ್ತ ಆಮ್ಲವನ್ನು ಮೆಟ್ಟಿಲು ಮೆಟ್ಟಿಲಾಗಿ ತಗ್ಗಿಸಿದರೆ ಮೊದಲು ಕಬ್ಬಿಣ, ಆಮೇಲೆ ಅಲ್ಯುಮಿನಿಯಂ, ತಾಮ್ರ, ಸತು ಎಂದು ಒಂದೊಂದೇ ತಳಕ್ಕೆ ಇಳಿಯುತ್ತವೆ. ಪಶ್ಚಿಮ ವರ್ಜೀನಿಯಾದಲ್ಲಿ ಇಂಥ ಕೆಸರಿನಿಂದ ವಿರಳ ಭಸ್ಮ ಲೋಹಗಳನ್ನೇ ಬೇರ್ಪಡಿಸುತ್ತಿದ್ದಾರೆ.

ಆದರೆ ಚಿನ್ನ ಈ ಹುಳಿನೀರಿಗೆ ಸೊಪ್ಪು ಹಾಕುವುದಿಲ್ಲ. ಅದಕ್ಕೆ ಸೈನೈಡೇ ಬೇಕು. ಹುಳಿ ಹುಡಿಗೆ ಸೈನೈಡ್ ಬೆರೆಸಿದರೆ ಏಳುವುದು ಕೊಲ್ಲುವ ಅನಿಲ. ಆದ್ದರಿಂದ ಚಿನ್ನದ ಆಸೆಯಿರುವವನು ಮೊದಲು ಸುಣ್ಣದ ಚೀಲ ಹೊರಬೇಕು.

ದಿಬ್ಬಗಳಿರುವ 1,003.4 ಎಕರೆಯಲ್ಲಿ ಮತ್ತೆ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾಪಕ್ಕೆ 2024ರ ಜೂನಿನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಇಲ್ಲಿಯ ನೀರಿನ ತಾಮ್ರ, ನಿಕ್ಕಲ್ ಮಾರಿ ಸುಣ್ಣದ ಖರ್ಚು ಹುಟ್ಟುವುದು ಅನುಮಾನವೆಂದು ನನ್ನ ಲೆಕ್ಕ. ಚಿನ್ನದ ಹಣವೇ ಅದನ್ನು ಭರಿಸಬೇಕು. ಹುಡಿಯನ್ನು ಮತ್ತೊಮ್ಮೆ ತೊಳೆದು ಹೊಸ ಜಾಗದಲ್ಲಿ ಗುಡ್ಡೆ ಹಾಕಿದರೆ ಮಳೆಗೆ ಇನ್ನೊಂದು ಗಣಿ ಸಿಕ್ಕಂತಾಗುತ್ತದೆ; ಗುತ್ತಿಗೆ ಹಿಡಿಯುವವರು ಗಂಧಕವನ್ನೂ ಎತ್ತಿಕೊಂಡು ಹೋಗಲಿ.